ನೆತ್ತರೂ ಭಯವೂ: ಪ್ಯಾರಿಸ್ಸಿನ ಗ್ರಾಂ ಗಿನ್ಯೋಲ್ ನಾಟಕಶಾಲೆ

ನೆತ್ತರನ್ನು ಕಣ್ಣೆದುರಿಗೇ ಹರಿಸಿದರೆ ನೋಡುಗರ ಭಯ ಹೆಚ್ಚುತ್ತದೆಯೋ ಕುಗ್ಗುತ್ತದೆಯೋ ಎಂಬ ಪ್ರಶ್ನೆ ಭಯಾನಕ ಚಲನಚಿತ್ರಗಳ ಕಾಲದಲ್ಲಿ ಹುಟ್ಟಿದ್ದಲ್ಲ. ಸಿನಿಮಾಕ್ಕೆ ಮಾತು ಬರುವ ಮೊದಲೇ ಪ್ಯಾರಿಸ್ಸಿನ ಪುಟ್ಟ ನಾಟಕಶಾಲೆಯೊಂದು ಅದನ್ನು ಟಿಕೆಟ್ ಕೊಂಡು ಬಂದವರ ಮೇಲೆ ರಾತ್ರಿರಾತ್ರಿಯೂ ಪ್ರಯೋಗಿಸಿ ನೋಡುತ್ತಿತ್ತು. ಅದಕ್ಕೂ ಎಷ್ಟೋ ಹಿಂದೆ ಭರತನ ನಾಟ್ಯಶಾಸ್ತ್ರವು ಈ ವಿಷಯದಲ್ಲಿ ಸ್ಪಷ್ಟವಾದ ಗೆರೆಯೊಂದನ್ನು ಎಳೆದಿತ್ತು. ಸ್ಥಾಯಿಭಾವ, ಎಂದರೆ ಮನಸ್ಸಿನಲ್ಲಿ ನೆಲೆನಿಂತ ಭಾವ, ಭಯವಾದಾಗ ಭಯಾನಕ ರಸವೂ ಜುಗುಪ್ಸೆಯಾದಾಗ ಬೀಭತ್ಸ ರಸವೂ ಹುಟ್ಟುತ್ತವೆ ಎನ್ನುವ ಆ ಗ್ರಂಥವು ವಿಕಾರವಾದ ದನಿ, ಬರಿದಾದ ಮನೆ, ಕಾಡಿನ ಪ್ರವೇಶ, ತನ್ನವರ ವಧೆಯನ್ನು ಕಾಣುವುದು ಅಥವಾ ಕೇಳುವುದು ಮುಂತಾದವನ್ನು ಭಯಾನಕದ ಕಾರಣಗಳಲ್ಲಿ ಎಣಿಸುತ್ತದೆ. ರಕ್ತವನ್ನು ಮಾತ್ರ ಬೀಭತ್ಸದ ಪಾಲಿಗೆ, ಅದರಲ್ಲೂ 'ಕ್ಷೋಭಜ' ಎಂಬ ಒಳಭೇದಕ್ಕೆ ಸೇರಿಸುತ್ತದೆ. ಈ ವಿಂಗಡಣೆ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಗ್ರಾಂ ಗಿನ್ಯೋಲ್ ಎಂಬ ಆ ನಾಟಕಶಾಲೆಯ ಚರಿತ್ರೆಯೇ ಸಾಕ್ಷಿ.

ನಾಟಕಕಾರ ಆಸ್ಕಾರ್ ಮೆತೆನಿಯೇ ಅವರು 1897ರಲ್ಲಿ ಪಿಗಾಲ್ ಪ್ರದೇಶದ ಓಣಿಯೊಂದರ ಕೊನೆಯಲ್ಲಿದ್ದ ಹಳೆಯ ಕ್ರೈಸ್ತ ಪ್ರಾರ್ಥನಾಮಂದಿರದಲ್ಲಿ ಇದನ್ನು ತೆರೆದರು. ಗಿನ್ಯೋಲ್ ಎಂಬುದು ಲಿಯೋನ್ ನಗರದ ಜನಪ್ರಿಯ ಗೊಂಬೆಯಾಟದ ನಾಯಕನ ಹೆಸರು. ಅದಕ್ಕೆ 'ದೊಡ್ಡ' ಎಂಬರ್ಥದ ವಿಶೇಷಣ ಸೇರಿಸಿ ದೊಡ್ಡವರ ಆಟವೆಂದು ಸೂಚಿಸಲಾಗಿತ್ತು. ಹಿಂದೆ ಪೊಲೀಸ್ ಅಧಿಕಾರಿಯ ಕಾರ್ಯದರ್ಶಿಯಾಗಿದ್ದ ಮೆತೆನಿಯೇ ಅವರಿಗೆ ಬೇಕಾಗಿದ್ದುದು ಭಯವಲ್ಲ, ಕಳ್ಳರು, ಸೂಳೆಯರು, ಬೀದಿಯ ಬಡವರು ಇವರ ಬದುಕನ್ನು ಅವರದೇ ಮಾತಿನಲ್ಲಿ ತೋರಿಸುವುದು. 300ಕ್ಕೂ ಕಡಿಮೆ ಆಸನಗಳಿದ್ದ ಆ ಸಭಾಂಗಣದಲ್ಲಿ ಮೊದಲಿನ ಮಂದಿರದ ಕೆತ್ತನೆಗಳು, ಛಾವಣಿಯ ಇಬ್ಬರು ದೇವದೂತರು ಹಾಗೆಯೇ ಉಳಿದಿದ್ದವು, ಮತ್ತು ನಟನ ಉಸಿರಾಟವೂ ಕೇಳುವಷ್ಟು ಹತ್ತಿರದಲ್ಲಿ ಪ್ರೇಕ್ಷಕರು ಕೂರುತ್ತಿದ್ದರು.

ಮರುವರ್ಷ ಆಡಳಿತ ವಹಿಸಿಕೊಂಡ ಮ್ಯಾಕ್ಸ್ ಮೊರೆ ಅವರು ಅದನ್ನು ಭಯದ ಮನೆಯಾಗಿ ಮಾರ್ಪಡಿಸಿದರು. ಮೂರ್ಛೆ ಹೋದವರ ಸಂಖ್ಯೆಯಿಂದ ನಾಟಕದ ಗೆಲುವನ್ನು ಅಳೆಯುತ್ತಿದ್ದ ಅವರು ನಾಟಕಶಾಲೆಗೆಂದೇ ವೈದ್ಯರೊಬ್ಬರನ್ನು ನೇಮಿಸಿ, ಆ ಸಂಗತಿಯನ್ನೂ ಪ್ರಚಾರಕ್ಕೆ ಬಳಸಿಕೊಂಡರು. ಒಂದೇ ಸಂಜೆಯಲ್ಲಿ ಹಲವು ಏಕಾಂಕಗಳನ್ನು ಆಡಿಸುತ್ತ, ಒಂದು ಘೋರ ನಾಟಕದ ಬೆನ್ನಿಗೆ ಒಂದು ಪ್ರಹಸನವನ್ನು ಇಡುವ ಕ್ರಮವೂ ನೆಲೆಗೊಂಡಿತು. ಬಿಸಿನೀರು, ತಣ್ಣೀರುಗಳನ್ನು ಸರದಿಯಂತೆ ಸುರಿಯುವ ಸ್ನಾನದ ಹೆಸರೇ ಫ್ರೆಂಚಿನಲ್ಲಿ ಈ ಕ್ರಮಕ್ಕೂ ಅಂಟಿಕೊಂಡಿತು. ನಗುವಿನಲ್ಲಿ ಮನಸ್ಸು ಸಡಿಲಗೊಂಡ ಮೇಲೆ ಬೀಳುವ ಪೆಟ್ಟು ಹೆಚ್ಚು ಆಳಕ್ಕೆ ಇಳಿಯುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿತ್ತು.

ಈ ನಾಟಕಶಾಲೆಗಾಗಿ ನೂರಕ್ಕೂ ಹೆಚ್ಚು ನಾಟಕಗಳನ್ನು ಬರೆದ ಆಂದ್ರೆ ದ ಲೋರ್ದ್ ವೃತ್ತಿಯಲ್ಲಿ ಗ್ರಂಥಪಾಲಕರು, ವೈದ್ಯರ ಮಗ. ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆಗಳಿಗೆ ಅಡಿಪಾಯ ಹಾಕಿದ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ಅವರ ಸಹಲೇಖಕರಾಗಿದ್ದರು ಎಂಬುದರಿಂದಲೇ ದ ಲೋರ್ದ್ ಭಯವನ್ನು ಎಷ್ಟು ಗಂಭೀರವಾಗಿ ಎತ್ತಿಕೊಂಡಿದ್ದರೆಂದು ತಿಳಿಯುತ್ತದೆ. ಷಾರ್ಲ್ ಫೊಲೆ ಅವರೊಡನೆ ಬರೆದ 1901ರ 'ದೂರವಾಣಿಯಲ್ಲಿ' ಎಂಬ ನಾಟಕದಲ್ಲಿ ಊರಿನಿಂದ ದೂರವಿರುವ ಗಂಡ ಒಂಟಿ ಮನೆಯಲ್ಲಿರುವ ಹೆಂಡತಿಯ ಕರೆಗೆ ಕಿವಿಗೊಟ್ಟಿರುವಾಗಲೇ ಆ ಮನೆಗೆ ಕೊಲೆಗಡುಕರು ನುಗ್ಗುತ್ತಾರೆ. ಆಗ ಪ್ರೇಕ್ಷಕರಿಗೆ ಕಾಣುವುದು ಗಂಡನ ಮುಖ ಮತ್ತು ಕೈಯಲ್ಲಿನ ಸಾಧನ, ಅಷ್ಟೆ. ಒಂದು ಹನಿ ರಕ್ತವೂ ಇಲ್ಲ. ತನ್ನವರ ವಧೆಯನ್ನು ಕೇಳುವುದೂ ಭಯದ ಕಾರಣವೆಂದ ನಾಟ್ಯಶಾಸ್ತ್ರದ ಮಾತಿಗೆ ಇದಕ್ಕಿಂತ ಒಪ್ಪುವ ಉದಾಹರಣೆ ಸಿಗುವುದು ಕಷ್ಟ.

ಹಾಗೆಂದು ರಕ್ತ ಇಲ್ಲಿ ಬರಿಯ ಅಲಂಕಾರವಾಗಿರಲಿಲ್ಲ. ಕೊಚಿನೀಲ್ ಎಂಬ ಕೀಟದಿಂದ ತೆಗೆಯುವ ಕಾರ್ಮೈನ್ ಎಂಬ ಕೆಂಪು ಬಣ್ಣವನ್ನು ಗ್ಲಿಸರಿನ್ನಿನಲ್ಲಿ ಬೆರೆಸಿ, ಬಿಸಿ ಮಾಡಿ ಬಳಸಿದಾಗ ಅದು ಗಾಯದಿಂದ ಇಳಿಯುವಷ್ಟು ಹೊತ್ತು ತೆಳ್ಳಗೆ ಹರಿದು, ಆರಿದಂತೆ ನಿಜವಾದ ನೆತ್ತರಿನ ಹಾಗೆಯೇ ಹೆಪ್ಪುಗಟ್ಟುತ್ತಿತ್ತು. ಚಾಕುವಿನ ಅಲಗು ಒತ್ತಿದೊಡನೆ ಹಿಡಿಯೊಳಕ್ಕೆ ಸರಿಯುತ್ತಿತ್ತು. ಕೈಚಳಕದವನ ಆಟದಂತೆ ಎಲ್ಲವೂ ಕ್ಷಣದ ಲೆಕ್ಕಾಚಾರದ ಮೇಲೆ ನಿಂತಿದ್ದುದರಿಂದ ಒಬ್ಬ ನಟ ಒಂದು ಹೆಜ್ಜೆ ತಪ್ಪಿದರೂ ಸಭೆ ಗೊಳ್ಳೆಂದು ನಗುವ ಅಪಾಯವಿತ್ತು; ಆದ್ದರಿಂದಲೇ ಬಲ್ಲ ನಿರ್ದೇಶಕರು ರಕ್ತವನ್ನು ಕೊನೆಯ ಕೆಲವು ನಿಮಿಷಗಳಿಗೆ ಉಳಿಸಿಕೊಳ್ಳುತ್ತಿದ್ದರು. ಈ ಮಿತಿಯ ಫಲ ಇನ್ನೊಂದು ದಿಕ್ಕಿನಲ್ಲಿ ಕಾಣುತ್ತದೆ. ಈ ರಂಗದ ಮೇಲೆ ನಿಜವಾಗಿಯೂ ಕಣ್ಣು ಕೀಳುತ್ತಾರೆ, ತನ್ನನ್ನು ಉಳಿಸಲೆಂದು ಪರದೆ ಇಳಿಯುವುದಿಲ್ಲ ಎಂದು ಒಮ್ಮೆ ಮನವರಿಕೆಯಾದ ಪ್ರೇಕ್ಷಕ ಮುಂದಿನ ನಾಟಕದಲ್ಲಿ ಮುಚ್ಚಿದ ಬಾಗಿಲೊಂದನ್ನು ಕಂಡರೂ ಬೆವರುತ್ತಾನೆ. ರಕ್ತ ತಾನೇ ಭಯವನ್ನು ಹುಟ್ಟಿಸದಿದ್ದರೂ ಕಾಣದ ಅಪಾಯವನ್ನು ನಂಬುವಂತೆ ಮಾಡುತ್ತದೆ, ಮತ್ತು ಆ ನಂಬಿಕೆ ಹುಟ್ಟಲು ಅದರ ಸ್ವಲ್ಪ ಅಂಶವೇ ಸಾಕು.

ಮೊದಲ ಮಹಾಯುದ್ಧದ ಕಾಲದಲ್ಲಿ ಬಂದ ಕಮೀಯ್ ಷ್ವಾಜಿ ಅವರ ಆಡಳಿತದಲ್ಲಿ ಬೆಳಕು, ಸದ್ದು, ಗಾಯಗಳ ಕೌಶಲ ತುತ್ತತುದಿ ಮುಟ್ಟಿತು. 1917ರಿಂದ ನಟಿಸತೊಡಗಿದ ಪೌಲಾ ಮಾಕ್ಸಾ ಲೋಕದಲ್ಲಿಯೇ ಅತಿ ಹೆಚ್ಚು ಬಾರಿ ಕೊಲೆಯಾದ ಹೆಂಗಸೆಂದು ಹೆಸರಾದರು. ಆದರೆ ಇರಿತ, ಸುಡುವಿಕೆ, ಕತ್ತರಿಸುವಿಕೆಗಳೇ ಸರಕಾಗುತ್ತ ಹೋದಂತೆ ನೋಡುಗರು ಮುಂದೇನಾಗುವುದೋ ಎಂದು ಅಂಜುವುದನ್ನು ಬಿಟ್ಟು ಹೇಗೆ ಮಾಡುತ್ತಾರೋ ಎಂದು ಕುತೂಹಲದಿಂದ ಕಾಯತೊಡಗಿದರು. ಕೊನೆಯ ದಶಕಗಳಲ್ಲಿ ಮೂರ್ಛೆಯ ಜಾಗದಲ್ಲಿ ನಗು ಕೇಳಿಬರುತ್ತಿತ್ತು. ನಾಟಕಶಾಲೆ 1962ರಲ್ಲಿ ಮುಚ್ಚಿದಾಗ ಅದರ ಕೊನೆಯ ನಿರ್ದೇಶಕ ಷಾರ್ಲ್ ನೊನೋಂ ಅವರು ನಾಜಿ ಶಿಬಿರಗಳ ವಾಸ್ತವವೇ ತಮ್ಮ ಕಲ್ಪನೆಯನ್ನು ಮೀರಿತೆಂದು ಕಾರಣ ಕೊಟ್ಟರು. ಆ ಮಾತಿನಲ್ಲಿ ಸತ್ಯವಿದೆ. ಆದರೆ ಕುಸಿತದ ಬೀಜ ಎರಡನೆಯ ಮಹಾಯುದ್ಧಕ್ಕೂ ಮೊದಲೇ ಬಿದ್ದಿತ್ತು.

ಆ ಹೊತ್ತಿಗಾಗಲೇ ಈ ಕಸುಬು ಸಿನಿಮಾದ ಕೈಸೇರಿತ್ತು. 1960ರ 'ಸೈಕೋ' ಚಿತ್ರದಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ಅವರು ರಕ್ತಕ್ಕೆ ಬದಲಾಗಿ ಚಾಕೊಲೇಟ್ ಪಾಕವನ್ನು ಬಳಸಿ, ಕಪ್ಪು-ಬಿಳುಪಿನಲ್ಲಿ ಸ್ನಾನದ ಕೋಣೆಯ ಕೊಲೆಯನ್ನು ತೋರಿಸಿದರು. ಚಿತ್ರ ಮುಂದುವರಿದಂತೆ ಹಿಂಸೆಯನ್ನು ಕಡಿಮೆ ಮಾಡುತ್ತ ಬಂದರೂ ಮೊದಲ ಕೊಲೆಯ ನೆನಪೇ ಪ್ರೇಕ್ಷಕರನ್ನು ಕೊನೆಯವರೆಗೆ ಬಿಗಿಯಾಗಿ ಹಿಡಿದಿಡುತ್ತದೆ. 1963ರ 'ಬ್ಲಡ್ ಫೀಸ್ಟ್' ಅದಕ್ಕೆ ತದ್ವಿರುದ್ಧವಾಗಿ ಬಣ್ಣದ ರಕ್ತವನ್ನೇ ಮಾರಾಟಕ್ಕಿಟ್ಟಿತು, ಹಣವನ್ನೂ ಗಳಿಸಿತು; ಆದರೆ ಅದನ್ನು ಕಂಡು ಹೇಸಿಕೊಂಡವರು ಹಲವರಾದರೂ ಅಂಜಿದವರು ವಿರಳ. ಟೋಬ್ ಹೂಪರ್ ಅವರ 1974ರ 'ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' ಹೆಸರಿನಿಂದಲೇ ನೆತ್ತರನ್ನು ನೆನಪಿಸಿದರೂ ತೆರೆಯ ಮೇಲೆ ಅದು ಅಚ್ಚರಿಯಾಗುವಷ್ಟು ಕಡಿಮೆ. ಮೊದಲ ಕೊಲೆ ಯಾವ ಮುನ್ಸೂಚನೆಯೂ ಇಲ್ಲದೆ ಸುತ್ತಿಗೆಯ ಏಟಿನಲ್ಲಿ ಮುಗಿದು ಲೋಹದ ಬಾಗಿಲು ಧಡ್ಡನೆ ಮುಚ್ಚಿಕೊಳ್ಳುತ್ತದೆ. ಮುಂದೆ ತರುಣಿಯೊಬ್ಬಳನ್ನು ಮಾಂಸದ ಕೊಕ್ಕೆಗೆ ತಗುಲಿಸುವಾಗ ಕೊಕ್ಕೆ ಮೈಗಿಳಿಯುವುದನ್ನು ಕ್ಯಾಮೆರಾ ತೋರಿಸುವುದೇ ಇಲ್ಲ, ಆದರೂ ಅದನ್ನು ಕಂಡೆವೆಂದೇ ನೆನಪಿಟ್ಟುಕೊಂಡ ಪ್ರೇಕ್ಷಕರು ಬಹಳ. ಇಷ್ಟು ಕಡಿಮೆ ರಕ್ತವಿರುವ ಚಿತ್ರಕ್ಕೆ ಮಕ್ಕಳೂ ಹೆತ್ತವರ ವಿವೇಚನೆಯಂತೆ ನೋಡಬಹುದಾದ ದರ್ಜೆಯ ಪ್ರಮಾಣಪತ್ರ ಸಿಕ್ಕೀತೆಂದು ಹೂಪರ್ ಆಶಿಸಿದ್ದರು; ಅಮೆರಿಕದ ಚಲನಚಿತ್ರ ವರ್ಗೀಕರಣ ಮಂಡಳಿ ಅದಕ್ಕೆ ಒಪ್ಪಲಿಲ್ಲ.