ಪರದೆ 100% ಅನ್ನತ್ತೆ, ಬ್ಯಾಟರಿ ಏನನ್ನತ್ತೆ?

ಪುಣೆ, ಹೈದರಾಬಾದ್ ಕಡೆ ಫ್ಲ್ಯಾಟ್‌ಗಳಲ್ಲಿರೋ ನಮ್ಮವರಲ್ಲಿ ಕೆಲವರು ಈಗ ಪೋರ್ಟಬಲ್ ಪವರ್ ಸ್ಟೇಷನ್ ಇಟ್ಕೊಂಡಿದ್ದಾರೆ. ಕರೆಂಟ್ ಹೋಗಿ ಅದೂ ಕೈಕೊಟ್ರೆ ಒಂದು ಮೀಟಿಂಗ್ ತಪ್ಪತ್ತೆ, ಅಷ್ಟೇ. ಆದ್ರೆ ಊರಿಂದ ಬಂದಿರೋ ಅಪ್ಪನಿಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಬೇಕು ಅನ್ನಿ. ಆಗ ಪರದೆ ಮೇಲಿನ 100% ಎಷ್ಟು ನಿಜ?

ಇದು ಹಳೇ ಪ್ರಶ್ನೆ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸ-ಆಸಿಡ್ ಬ್ಯಾಟರಿ ಮಾಡಿದ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಅದು. ಕರೆಂಟ್ ಕೊಡ್ತಾ ಹೋದ ಹಾಗೆ ಅದರ ಆಸಿಡ್ ತೆಳುವಾಗತ್ತೆ. ಊರಲ್ಲಿ ಬ್ಯಾಟರಿ ಅಂಗಡಿಯವರು ರಬ್ಬರ್ ಬಲ್ಬ್ ಇರೋ ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು ನೋಡ್ತಾರಲ್ಲ, ಅದೇ ಹೈಡ್ರೋಮೀಟರ್. 1.26ರ ಆಸುಪಾಸು ಇದ್ರೆ ಫುಲ್, 1.12ರ ಹತ್ರ ಬಂದ್ರೆ ಖಾಲಿ.

1897ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಪಾಯ್ಕರ್ಟ್ ಇನ್ನೊಂದು ವಿಷಯ ತೋರಿಸಿದ: ಸೀಸದ ಬ್ಯಾಟರಿಯಿಂದ ಕರೆಂಟ್ ಜೋರಾಗಿ ಎಳೆದಷ್ಟೂ ಒಟ್ಟು ಸಿಗೋದು ಕಮ್ಮಿ. ನನ್ನ ಪ್ರಕಾರ ಈ ಕತೆಯ ಮುಖ್ಯ ತಿರುವು ಇದೇ. ಎಷ್ಟು ಲೋಡ್ ಅಂತ ಹೇಳದೆ ಕೆಪಾಸಿಟಿ ಹೇಳೋದಕ್ಕೆ ಅರ್ಥ ಇಲ್ಲ. (ಸಾಫ್ಟ್‌ವೇರ್‌ನವರಿಗೆ ಇದನ್ನ ಬಿಡಿಸಿ ಹೇಳಬೇಕಾ!)

ಆಮೇಲೆ ಎಡಿಸನ್‌ನ ನಿಕಲ್-ಕಬ್ಬಿಣದ ಬ್ಯಾಟರಿ ಬಂತು. 1910ರ ದಶಕದಲ್ಲಿ ಗಣಿ ಕೆಲಸಗಾರರ ಟೋಪಿ ದೀಪಕ್ಕೂ ಅದನ್ನ ಹಾಕಿದ್ರು. ಅದರೊಳಗಿನ ದ್ರವ ಚಾರ್ಜ್ ಇಳಿದ್ರೂ ಹೆಚ್ಚುಕಮ್ಮಿ ಹಾಗೇ ಇರತ್ತೆ, ಹೈಡ್ರೋಮೀಟರ್ ಹಾಕಿದ್ರೂ ಏನೂ ಗೊತ್ತಾಗಲ್ಲ. ನಂಬಬಹುದಾದ ದಾರಿ ಅಂದ್ರೆ ಲೋಡ್ ಹಾಕಿ, ಎಷ್ಟು ಹೊತ್ತು ಓಡತ್ತೆ ಅಂತ ಗಡಿಯಾರ ನೋಡೋದು.

ಈಗಿನ ಎಷ್ಟೋ ಪವರ್ ಸ್ಟೇಷನ್‌ಗಳಲ್ಲಿರೋದು ಲಿಥಿಯಂ ಐರನ್ ಫಾಸ್ಫೇಟ್, 1997ರಲ್ಲಿ ಗುಡ್‌ಇನಫ್ ತಂಡ ಪ್ರಕಟಿಸಿದ ವಸ್ತು. ಇಲ್ಲಿ ದ್ರವ ಅಳೆಯೋಕಂತೂ ಆಗಲ್ಲ. ವೋಲ್ಟೇಜ್ ಕೂಡ ಬಹುಪಾಲು ಹೊತ್ತು ಸೆಲ್‌ಗೆ 3.2–3.3ರಲ್ಲೇ ಕೂತಿರತ್ತೆ. ಹಾಗಾಗಿ ಒಳಗೆ ಹೋದ, ಹೊರಗೆ ಬಂದ ಕರೆಂಟ್ ಲೆಕ್ಕ ಇಟ್ಟು ಸಾಫ್ಟ್‌ವೇರ್ ಮಾಡೋ ಅಂದಾಜೇ ಆ ಪರ್ಸೆಂಟ್. ಸವೆದ ಬ್ಯಾಟರಿಯೂ ತುಂಬಿದಾಗ 100% ಅಂತಾನೇ ತೋರಿಸತ್ತೆ. ಬಿಂದಿಗೆ ಚಿಕ್ಕದಾಗಿದೆ ಅನ್ನೋದು ಅಲ್ಲಿ ಕಾಣಲ್ಲ.

ಹಾಗಾಗಿ ಗಣಿಯ ದಾರಿಯೇ ಸರಿ. 500 ವ್ಯಾಟ್-ಅವರ್ ಡಬ್ಬ ಫುಲ್ ಚಾರ್ಜ್ ಮಾಡಿ, 100 ವ್ಯಾಟ್ ಹಳೇ ಕಾಲದ ಬಲ್ಬ್ ಉರಿಸಿ. ಇನ್ವರ್ಟರ್ ನಷ್ಟ ಕಳೆದು ನಾಲ್ಕು ಗಂಟೆ ಮೇಲೆ ಬರಬೇಕು. ಮೂರಕ್ಕೇ ನಿಂತ್ರೆ ಆ ಡಬ್ಬವನ್ನ ಲ್ಯಾಪ್‌ಟಾಪಿಗೆ ಬಿಡಿ. ಇನ್ನು ಕಾನ್ಸಂಟ್ರೇಟರ್ 300 ವ್ಯಾಟಿಂದಾದ್ರೆ ಮೂರು ಬಲ್ಬ್ ಹಾಕಿ ನೋಡಿ. ಕಂಪ್ರೆಸರ್ ಶುರುವಾಗುವಾಗ ಹೆಚ್ಚು ಕರೆಂಟ್ ಎಳೆಯತ್ತೆ, ಅದಕ್ಕೆ ಅಪ್ಪನಿಗೆ ಬೇಡದ ಹೊತ್ತಲ್ಲಿ ಆ ಮಷೀನನ್ನೇ ಒಮ್ಮೆ ಅದರ ಮೇಲೆ ಸ್ಟಾರ್ಟ್ ಮಾಡಿ.