ಕ್ಯಾಮೆರಾದಿಂದ ಕಂಪ್ಯೂಟರಿಗೆ ಚಿತ್ರ ವರ್ಗಾವಣೆ

ಡಿಜಿಟಲ್ ಕ್ಯಾಮೆರಾ ಸೆರೆಹಿಡಿದ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಧಾನ. ಕೊಡ್ಯಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಕಟ್ಟಿದ ಮೊದಲ ಮಾದರಿಯಲ್ಲಿ ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. ಆ ಟೇಪನ್ನು ಓದಿ ಟಿವಿ ಪರದೆಗೆ ಚಿತ್ರ ಕಳಿಸಲು ಬೇರೆಯದೇ ಯಂತ್ರ ಬೇಕಿತ್ತು.

ಕಂಪ್ಯೂಟರಿಗೆ ನೇರ ಜೋಡಿಸಬಹುದಾದ ಡೈಕ್ಯಾಮ್ ಮಾಡೆಲ್ 1 ಕ್ಯಾಮೆರಾ 1990ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಅದರಲ್ಲಿ 32 ಕಪ್ಪುಬಿಳುಪು ಚಿತ್ರಗಳು ಹಿಡಿಯುತ್ತಿದ್ದವು. ಬ್ಯಾಟರಿ ಬರಿದಾದರೆ ಚಿತ್ರಗಳೂ ಅಳಿಸಿಹೋಗುತ್ತಿದ್ದುದರಿಂದ ಅವನ್ನು ಬೇಗನೆ ಇಳಿಸಿಕೊಳ್ಳಲೇಬೇಕಿತ್ತು. ಆಗಿನ ದಾರಿ ಸೀರಿಯಲ್ ಕೇಬಲ್. ಸೆಕೆಂಡಿಗೆ 1,15,200 ಬಿಟ್ ವೇಗದಲ್ಲೂ ಒಂದು ಮೆಗಾಬೈಟ್ ಸಾಗಲು ಸುಮಾರು ಒಂದೂವರೆ ನಿಮಿಷ ಬೇಕು. ಈ ಕಾಯುವಿಕೆಯನ್ನು ತಪ್ಪಿಸಿದ್ದು ಸೋನಿ ಕಂಪನಿಯ 1997ರ ಡಿಜಿಟಲ್ ಮಾವಿಕಾ. ಅದು ಸಾಮಾನ್ಯ ಫ್ಲಾಪಿಯಲ್ಲೇ ಚಿತ್ರ ಉಳಿಸುತ್ತಿತ್ತು; ಫ್ಲಾಪಿ ತೆಗೆದು ಕಂಪ್ಯೂಟರಿಗೆ ಹಾಕಿದರೆ ಮುಗಿಯಿತು. ಕಾಂಪ್ಯಾಕ್ಟ್‌ಫ್ಲ್ಯಾಶ್ (1994), ಎಸ್‌ಡಿ (1999) ಮೆಮೊರಿ ಕಾರ್ಡುಗಳು ಕಾರ್ಡ್ ರೀಡರ್ ಬಳಕೆಯನ್ನು ರೂಢಿಗೆ ತಂದವು.

1996ರಲ್ಲಿ ಬಂದ ಯುಎಸ್‌ಬಿ ವೇಗವನ್ನು ಸೆಕೆಂಡಿಗೆ 12 ಮೆಗಾಬಿಟ್‌ಗೆ ಏರಿಸಿತು, 2000ದ ಎರಡನೇ ಆವೃತ್ತಿ 480ಕ್ಕೆ. ಆದರೆ ವೇಗಕ್ಕಿಂತ ದೊಡ್ಡ ಬದಲಾವಣೆ ತಂದದ್ದು ತಯಾರಕರು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದಗಳು. ಅಲ್ಲಿಯವರೆಗೆ ಕ್ಯಾಮೆರಾದ ಜೊತೆಗೇ ಕಂಪನಿಯ ಸಿಡಿ ಬರುತ್ತಿತ್ತು. ಅದರಲ್ಲಿನ ತಂತ್ರಾಂಶ ಇಲ್ಲದಿದ್ದರೆ ಕೇಬಲ್ ಚುಚ್ಚಿ ಪ್ರಯೋಜನವಿರಲಿಲ್ಲ. 1998ರಲ್ಲಿ ಜಪಾನಿನ ಉದ್ಯಮ ಒಕ್ಕೂಟ ರೂಪಿಸಿದ ಡಿಸಿಎಫ್ ನಿಯಮವು ಕಾರ್ಡಿನಲ್ಲಿ ಚಿತ್ರಗಳು ‘ಡಿಸಿಐಎಂ’ ಎಂಬ ಫೋಲ್ಡರಿನಲ್ಲೇ ಇರಬೇಕೆಂದು ನಿಗದಿಪಡಿಸಿತು. ಕ್ಯಾಮೆರಾ ಮತ್ತು ಕಂಪ್ಯೂಟರ್ ಪರಸ್ಪರ ವ್ಯವಹರಿಸುವ ರೀತಿಯನ್ನು 2000ದ ಪಿಟಿಪಿ ಮಾನಕ ಗೊತ್ತುಮಾಡಿತು. ಮರುವರ್ಷ ಬಂದ ವಿಂಡೋಸ್ ಎಕ್ಸ್‌ಪಿ ಪಿಟಿಪಿ ಕ್ಯಾಮೆರಾಗಳನ್ನು ತಾನೇ ಗುರುತಿಸಿ, ಚಿತ್ರಗಳನ್ನು ತೋರಿಸಿ, ಬೇಕಾದುದನ್ನು ಆರಿಸಿಕೊಳ್ಳಲು ಬಿಟ್ಟಿತು. ಕಂಪ್ಯೂಟರ್ ಅಷ್ಟಾಗಿ ಬಾರದ ಮನೆಮಂದಿಗೂ ತಮ್ಮ ಚಿತ್ರಗಳು ತಮ್ಮ ಕೈಗೇ ಸಿಕ್ಕಿದ್ದು ಇಲ್ಲಿಂದಲೇ. ಈ ಇತಿಹಾಸದಲ್ಲಿ ಇದಕ್ಕಿಂತ ಮಹತ್ವದ ಘಟ್ಟ ಇನ್ನೊಂದಿಲ್ಲ.

2007ರಲ್ಲಿ ಬಂದ ಐ-ಫೈ ಕಾರ್ಡು ವೈ-ಫೈ ಮೂಲಕ ಚಿತ್ರ ಕಳಿಸುತ್ತಿತ್ತು. ಅದು ಒಂದೇ ಕಂಪನಿಯ ಸೇವೆಯನ್ನು ನೆಚ್ಚಿಕೊಂಡಿತ್ತು. 2016ರಲ್ಲಿ ಹಳೆಯ ಕಾರ್ಡುಗಳಿಗೆ ಬೆಂಬಲ ನಿಂತಿತು. ಪಿಟಿಪಿಯಾದರೋ ಬೆಳೆಯಿತು. ಆಂಡ್ರಾಯ್ಡ್ ಫೋನನ್ನು ಕೇಬಲ್ ಮೂಲಕ ಜೋಡಿಸಿದಾಗ ಬಳಕೆಯಾಗುವ ಎಂಟಿಪಿ ಅದರದೇ ವಿಸ್ತರಣೆ, ಫೋನಿನ ಕ್ಯಾಮೆರಾ ಚಿತ್ರಗಳು ಕುಳಿತಿರುವುದೂ ಅದೇ ಡಿಸಿಐಎಂ ಫೋಲ್ಡರಿನಲ್ಲಿ.