ಕೊನ್ಯಾಕ್, ಅರ್ಮಾನ್ಯಾಕ್, ಕಾಲ್ವಡೋಸ್: ಮನೆಯಲ್ಲೇ ಹೋಲಿಸಿ ಸವಿಯುವುದು ಹೇಗೆ?

ವಿದೇಶದಿಂದ ಬರುವ ನೆಂಟರ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಫ್ರೆಂಚ್ ಬ್ರಾಂದಿ ಇರುವುದು ಮುಂಬೈ, ಪುಣೆ, ಹೈದರಾಬಾದ್‌ನ ಮನೆಗಳಲ್ಲಿ ಈಗ ಅಪರೂಪದ ಸಂಗತಿಯಲ್ಲ. ವಿಮಾನದಲ್ಲಿ ಬರುವ ವಯಸ್ಕ ಪ್ರಯಾಣಿಕರು 2 ಲೀಟರ್‌ವರೆಗೆ ಮದ್ಯವನ್ನು ಸುಂಕವಿಲ್ಲದೆ ತರಬಹುದು. ಆದರೆ ಸುಂಕರಹಿತ ಮಳಿಗೆಯ ಕಪಾಟಿನ ಮುಂದೆ ನಿಂತಾಗ ಗೊಂದಲ ಶುರುವಾಗುತ್ತದೆ. ಒಂದೇ ಕಂಪನಿಯ ಎರಡು ಬಾಟಲಿಗಳ ನಡುವೆ ಬೆಲೆಯಲ್ಲಿ ನಾಲ್ಕೈದು ಪಟ್ಟು ವ್ಯತ್ಯಾಸ. ಒಂದರ ಮೇಲೆ ವಿಎಸ್, ಇನ್ನೊಂದರ ಮೇಲೆ ಎಕ್ಸ್‌ಒ. ಪಕ್ಕದಲ್ಲಿ ಕೇಳಿರದ ಹೆಸರಿನ ಅರ್ಮಾನ್ಯಾಕ್, ಅದರಾಚೆ ಸೇಬಿನ ಚಿತ್ರವಿರುವ ಕಾಲ್ವಡೋಸ್. ಬಹಳಷ್ಟು ಮಂದಿ ಬೆಲೆ ಹೆಚ್ಚಿದ್ದುದೇ ಚೆನ್ನಾಗಿರಬೇಕು ಎಂದುಕೊಂಡು ಹಣ ಕೊಟ್ಟು ಬರುತ್ತಾರೆ. ಚೀಟಿಯ ಮೇಲಿನ ಅಕ್ಷರಗಳು ನಿಜವಾಗಿ ಹೇಳುವುದು ಬಹಳ ಕಡಿಮೆ. ಉಳಿದದ್ದನ್ನು ತಿಳಿಯಲು ಎರಡು ಮೂರು ಲೋಟಗಳನ್ನು ಅಕ್ಕಪಕ್ಕ ಇಟ್ಟು, ಯಾವುದು ಯಾವುದೆಂದು ಗೊತ್ತಿಲ್ಲದಂತೆ ಸವಿದು ನೋಡುವುದೇ ಸರಿಯಾದ ದಾರಿ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಭಾರತದಲ್ಲಿ ಬ್ರಾಂದಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಅಗ್ಗದ ಮದ್ಯದ ಬಹುಪಾಲು ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್‌ಗೆ ಬಣ್ಣ, ಪರಿಮಳ ಸೇರಿಸಿ ತಯಾರಾದದ್ದು. ಕೆಲವದರಲ್ಲಿ ಸ್ವಲ್ಪ ದ್ರಾಕ್ಷಿಯ ಸ್ಪಿರಿಟ್ ಕೂಡ ಇರುತ್ತದೆ. ಯುರೋಪಿನ ಕಾನೂನಿನಲ್ಲಿ ಬ್ರಾಂದಿ ಎಂದರೆ ವೈನ್‌ನಿಂದ ಭಟ್ಟಿ ಇಳಿಸಿದ್ದೇ ಆಗಬೇಕು, ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 6 ತಿಂಗಳು ಇರಬೇಕು. ಆ ಹೆಸರೇ 'ಸುಟ್ಟ ವೈನ್' ಎಂಬ ಅರ್ಥದ ಡಚ್ ಪದದಿಂದ ಬಂದಿದೆ. ಹಾಗಾಗಿ ಇಲ್ಲಿನ ಬ್ರಾಂದಿಯ ಸಿಹಿ ಘಾಟಿಗೆ ಒಗ್ಗಿದ ನಾಲಿಗೆಗೆ ಮೊದಲ ಗುಟುಕು ಕೊನ್ಯಾಕ್ ಸಪ್ಪೆ ಎನಿಸಿದರೆ ಅಚ್ಚರಿಯಿಲ್ಲ.

ಅಕ್ಷರಗಳ ಅರ್ಥವೇನು?

ಕೊನ್ಯಾಕ್‌ನಲ್ಲಿ ವಿಎಸ್ ಎಂದರೆ ಮಿಶ್ರಣದಲ್ಲಿರುವ ಅತಿ ಎಳೆಯ ಬ್ರಾಂದಿ ಪೀಪಾಯಿಯಲ್ಲಿ ಕನಿಷ್ಠ 2 ವರ್ಷ ಕಳೆದಿದೆ ಎಂದರ್ಥ. ವಿಎಸ್‌ಒಪಿಗೆ 4 ವರ್ಷ, ನೆಪೋಲಿಯನ್ ಎಂದಿದ್ದರೆ 6 ವರ್ಷ. ಎಕ್ಸ್‌ಒಗೆ ಹಿಂದೆ 6 ವರ್ಷ ಸಾಕಿತ್ತು, 2018ರಿಂದ ಅದು 10 ವರ್ಷ. ಇವೆಲ್ಲವೂ ಕನಿಷ್ಠ ಮಿತಿ ಮಾತ್ರ. ಒಳ್ಳೆಯ ಮನೆತನಗಳ ವಿಎಸ್‌ಒಪಿಯಲ್ಲಿ ಇನ್ನೂ ಹಳೆಯ ಬ್ರಾಂದಿ ಬೆರೆತಿರಬಹುದು, ಆದರೆ ಎಷ್ಟು ಎಂಬುದನ್ನು ಚೀಟಿ ಹೇಳುವುದಿಲ್ಲ.

ವಿಎಸ್‌ಒಪಿಯ ಪೂರ್ಣರೂಪ 'ವೆರಿ ಸುಪೀರಿಯರ್ ಓಲ್ಡ್ ಪೇಲ್'. ಫ್ರೆಂಚ್ ಮದ್ಯಕ್ಕೆ ಇಂಗ್ಲಿಷ್ ಅಕ್ಷರಗಳು ಅಂಟಿಕೊಂಡಿದ್ದು ಅದರ ದೊಡ್ಡ ಗಿರಾಕಿಗಳು ಬ್ರಿಟಿಷರಾಗಿದ್ದರಿಂದ. ಮಾರ್ಟೆಲ್ ಕಂಪನಿಯನ್ನು 1715ರಲ್ಲಿ ಕಟ್ಟಿದವರು ಜೆರ್ಸಿ ದ್ವೀಪದವರು, ಹೆನೆಸಿಯನ್ನು 1765ರಲ್ಲಿ ಸ್ಥಾಪಿಸಿದವರು ಐರ್ಲೆಂಡಿನವರು. 'ಪೇಲ್' ಎಂದರೆ ತಿಳಿಬಣ್ಣದ್ದು, ಅಂದರೆ ಬಣ್ಣ ಬೆರೆಸದ್ದು. ಇವತ್ತು ಅದೇ ಹೆಸರಿನ ಬಾಟಲಿಗಳಿಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನೇ ಒಪ್ಪುತ್ತದೆ! ಸಕ್ಕರೆ ಮತ್ತು ಓಕ್ ಚಕ್ಕೆಗಳನ್ನು ಕುದಿಸಿ ತೆಗೆದ ಕಷಾಯಕ್ಕೂ ಅವಕಾಶವಿದೆ. ಆದ್ದರಿಂದ ಬಣ್ಣ ಗಾಢವಾಗಿದ್ದರೆ ಹಳೆಯದು ಎಂಬ ಲೆಕ್ಕ ನಂಬುವಂತಿಲ್ಲ.

ವ್ಯತ್ಯಾಸ ಇರುವುದು ಭಟ್ಟಿಯಲ್ಲಿ

ಕೊನ್ಯಾಕ್ ತಯಾರಾಗುವುದು ಬೋರ್ಡೊ ನಗರದ ಉತ್ತರಕ್ಕಿರುವ ಶಾರಾಂತ್ ಪ್ರದೇಶದಲ್ಲಿ. ಅಲ್ಲಿನ ತೋಟಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಉನಿ ಬ್ಲಾಂ ಎಂಬ ಬಿಳಿ ದ್ರಾಕ್ಷಿ. ಅದರ ವೈನ್ ಹುಳಿ, ತೆಳು, ಕುಡಿಯಲು ಅಷ್ಟಕ್ಕಷ್ಟೇ. ಭಟ್ಟಿಗೆ ಮಾತ್ರ ಹೇಳಿ ಮಾಡಿಸಿದಂಥದ್ದು. ತಾಮ್ರದ ಹಂಡೆಯಲ್ಲಿ ಎರಡು ಬಾರಿ ಇಳಿಸುತ್ತಾರೆ. ಮೊದಲ ಬಾರಿಗೆ ಸುಮಾರು ಶೇ 30 ಆಲ್ಕೋಹಾಲ್, ಎರಡನೆಯ ಬಾರಿಗೆ ಶೇ 70ರ ಆಸುಪಾಸು. ಒಂದು ಲೀಟರ್ ಬ್ರಾಂದಿಗೆ ಸುಮಾರು 9 ಲೀಟರ್ ವೈನ್ ಬೇಕು. ಮುಂದಿನ ಮಾರ್ಚ್ 31ರೊಳಗೆ ಈ ಕೆಲಸ ಮುಗಿಯಬೇಕು ಎಂಬುದು ನಿಯಮ. ಬಳಿಕ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗಿ ಹೋಗುತ್ತದೆ. ಇದನ್ನು ಅಲ್ಲಿನವರು 'ದೇವದೂತರ ಪಾಲು' ಎನ್ನುತ್ತಾರೆ. ಆ ಆವಿ ಕುಡಿದು ಬೆಳೆಯುವ ಕಪ್ಪು ಬೂಷ್ಟು ಉಗ್ರಾಣಗಳ ಗೋಡೆ, ಮಾಡುಗಳಿಗೆ ಮಸಿ ಬಳಿದಂತೆ ಹಬ್ಬಿರುತ್ತದೆ.

ಅರ್ಮಾನ್ಯಾಕ್ ಇನ್ನೂ ದಕ್ಷಿಣದ ಗಾಸ್ಕನಿಯದು. ಕೊನ್ಯಾಕ್‌ಗಿಂತ ಹಳೆಯ ಇತಿಹಾಸ, ಉತ್ಪಾದನೆ ಮಾತ್ರ ತೀರಾ ಕಡಿಮೆ. ಇಲ್ಲಿ ಬಹುಪಾಲು ಒಂದೇ ಬಾರಿ, ಎತ್ತರದ ಸ್ತಂಭದಂಥ ಭಟ್ಟಿಯಲ್ಲಿ ನಿರಂತರವಾಗಿ ಇಳಿಸುತ್ತಾರೆ. ಹೊರಬರುವಾಗ ಸಾಮಾನ್ಯವಾಗಿ ಶೇ 52ರಿಂದ 60 ಆಲ್ಕೋಹಾಲ್ ಇರುತ್ತದೆ. ಈ ಅಂಕಿಯಲ್ಲೇ ಇಡೀ ಗುಟ್ಟಿದೆ. ಕಡಿಮೆ ತೀವ್ರತೆಯಲ್ಲಿ ಇಳಿಸಿದಷ್ಟೂ ವೈನ್‌ನ ಭಾರವಾದ ಎಣ್ಣೆ, ಪರಿಮಳದ ಅಂಶಗಳು ಹೆಚ್ಚಾಗಿ ಉಳಿಯುತ್ತವೆ. ಹೀಗಾಗಿ ಎಳೆಯ ಅರ್ಮಾನ್ಯಾಕ್ ಒರಟು. ಹದಿನೈದು ಇಪ್ಪತ್ತು ವರ್ಷ ಕಳೆದದ್ದು ಬಾಯಿ ತುಂಬುವಂಥದ್ದು. ಹಿಂದೆ ಗಾಲಿಯ ಮೇಲೆ ಭಟ್ಟಿ ಇಟ್ಟುಕೊಂಡು ತೋಟದಿಂದ ತೋಟಕ್ಕೆ ಹೋಗಿ ಇಳಿಸಿಕೊಡುವವರಿದ್ದರು. ಆ ಸಣ್ಣ ರೈತರ ಗುಣ ಈ ಬ್ರಾಂದಿಯಲ್ಲಿ ಈಗಲೂ ಉಳಿದಿದೆ.

ಅರ್ಮಾನ್ಯಾಕ್‌ನ ಇನ್ನೊಂದು ಅನುಕೂಲವೆಂದರೆ, ಒಂದೇ ವರ್ಷದ ಫಸಲಿನಿಂದ ಮಾಡಿ ಆ ಇಸವಿಯನ್ನೇ ನಮೂದಿಸಿದ ಬಾಟಲಿಗಳು ಸುಲಭವಾಗಿ ಸಿಗುತ್ತವೆ. ಕೊಳ್ಳುವಾಗ ಫಸಲಿನ ವರ್ಷದ ಜೊತೆ ಬಾಟಲಿಗೆ ತುಂಬಿದ ವರ್ಷವನ್ನೂ ನೋಡಬೇಕು. ಗಾಜಿನೊಳಗೆ ಬ್ರಾಂದಿ ಮಾಗುವುದಿಲ್ಲ. 1990ರ ಫಸಲನ್ನು 2005ರಲ್ಲಿ ತುಂಬಿದ್ದರೆ ಅದರ ವಯಸ್ಸು 15, ಇವತ್ತಿಗೂ ಅಷ್ಟೇ.

ಕಾಲ್ವಡೋಸ್ ನಾರ್ಮಂಡಿಯ ಸೇಬಿನ ಮದ್ಯ, ಕಾನೂನಿನ ಪ್ರಕಾರ ಬ್ರಾಂದಿಯಲ್ಲ. ಪೇ ದೋಜ್ ಪ್ರದೇಶದ್ದನ್ನು ಎರಡು ಬಾರಿ ಇಳಿಸುತ್ತಾರೆ. ದೋಂಫ್ರಾಂತೆಯಲ್ಲಿ ಕನಿಷ್ಠ ಶೇ 30 ಪೇರ್ ಹಣ್ಣು ಸೇರಿರಬೇಕು. ಹೋಲಿಕೆಯ ಸಾಲಿನಲ್ಲಿ ಇದನ್ನು ಕೊನೆಗೆ ಇಡುವುದು ಒಳ್ಳೆಯದು. ಮೊದಲೇ ಸೇಬಿನ ಪರಿಮಳ ಹತ್ತಿದರೆ ಮುಂದಿನದರಲ್ಲೆಲ್ಲ ಸೇಬೇ ಕಾಣುತ್ತದೆ.

ಮನೆಯಲ್ಲಿ ಸಿದ್ಧತೆ

ಸಿನಿಮಾಗಳಲ್ಲಿ ಕಾಣುವ ದೊಡ್ಡ ಬಲೂನಿನಂಥ ಲೋಟ ಇದಕ್ಕೆ ಪ್ರಯೋಜನವಿಲ್ಲ. ಅದರ ಅಗಲವಾದ ಹೊಟ್ಟೆಯಿಂದ ಆಲ್ಕೋಹಾಲ್ ಬೇಗ ಎದ್ದು ಮೂಗಿಗೆ ಹೊಡೆಯುತ್ತದೆ, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರಂತೂ ಇನ್ನೂ ಹೆಚ್ಚು. ಟ್ಯುಲಿಪ್ ಹೂವಿನಂತೆ ಬಾಯಿ ಕಿರಿದಾದ ಸಣ್ಣ ವೈನ್ ಲೋಟ ಸಾಕು. ಎಲ್ಲ ಲೋಟಗಳೂ ಒಂದೇ ಆಕಾರದವಾಗಿರಬೇಕು.

ಬ್ರಾಂದಿಯನ್ನು ಕೋಣೆಯ ತಾಪಮಾನದಲ್ಲಿ ಕುಡಿಯಬೇಕು ಎಂಬುದು ಫ್ರಾನ್ಸಿನ ಮಾತು. ಅಲ್ಲಿ ಅದು 18ರಿಂದ 20 ಡಿಗ್ರಿ. ಮೇ ತಿಂಗಳ ಚೆನ್ನೈನಲ್ಲಿ ಕೋಣೆಯೇ 33 ಡಿಗ್ರಿ ಇರುವಾಗ ಆ ಮಾತು ಅನ್ವಯಿಸದು. ಬಾಟಲಿಗಳನ್ನು ಹತ್ತು ಹದಿನೈದು ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆಯಬಹುದು. ಐಸ್ ಬೇಡ, ಅದು ಪರಿಮಳವನ್ನು ಮುಚ್ಚಿಬಿಡುತ್ತದೆ.

ಊದುಬತ್ತಿ ಹಚ್ಚಿದ ಮನೆಯಲ್ಲಿ, ಒಗ್ಗರಣೆ ಹಾಕುತ್ತಿರುವಾಗ, ಮಲ್ಲಿಗೆ ಮುಡಿದವರ ಪಕ್ಕದಲ್ಲಿ ಕುಳಿತು ಈ ಕೆಲಸ ಆಗದು. ಮೆಣಸಿನಕಾಯಿ ಊಟವಾದ ಮೇಲೆ, ಎಲೆ ಅಡಿಕೆ ಹಾಕಿಕೊಂಡ ಮೇಲೆ ನಾಲಿಗೆಗೆ ಸೂಕ್ಷ್ಮ ರುಚಿ ತಿಳಿಯುವುದಿಲ್ಲ. ಊಟಕ್ಕೆ ಒಂದು ಗಂಟೆ ಮೊದಲಿನ ಹೊತ್ತು ಸೂಕ್ತ. ಪಕ್ಕದಲ್ಲಿ ನೀರು, ಒಂದೆರಡು ತುಂಡು ಸಾದಾ ಬ್ರೆಡ್, ಉಗುಳಲು ಒಂದು ಬಟ್ಟಲು ಇರಲಿ. ಉಗುಳುವುದು ವೃತ್ತಿಪರರೂ ಮಾಡುವ ಕೆಲಸ, ಅದರಲ್ಲಿ ಸಂಕೋಚ ಬೇಡ.

ಏನನ್ನು ಯಾವುದರ ಜೊತೆ ಇಡಬೇಕು ಎಂಬುದು ಎಲ್ಲಕ್ಕಿಂತ ಮುಖ್ಯ. ವಿಎಸ್ ಕೊನ್ಯಾಕ್‌ನ್ನು 20 ವರ್ಷದ ಅರ್ಮಾನ್ಯಾಕ್ ಜೊತೆ ಹೋಲಿಸಿದರೆ ವಯಸ್ಸಿನ ವ್ಯತ್ಯಾಸ ತಿಳಿಯುತ್ತದೆಯೇ ಹೊರತು ಊರಿನದಲ್ಲ. ಮೊದಲ ಸುತ್ತಿಗೆ ಎರಡೂ ವಿಎಸ್‌ಒಪಿಯೇ ಇರಲಿ: ಒಂದು ಕೊನ್ಯಾಕ್, ಒಂದು ಅರ್ಮಾನ್ಯಾಕ್. ಜೊತೆಗೆ ಸೇಂಟ್ ರೆಮಿಯಂಥ ಸಾದಾ ಫ್ರೆಂಚ್ ಬ್ರಾಂದಿ ಮೂರನೆಯದಾಗಿ ಇದ್ದರೆ, ಹೆಚ್ಚಿನ ಹಣ ಯಾವುದಕ್ಕೆ ಹೋಗುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು ದಿನ ಎರಡು ಕೊನ್ಯಾಕ್ ಮನೆತನಗಳನ್ನು ಎದುರುಬದುರು ಇಡಬಹುದು. ರೆಮಿ ಮಾರ್ಟಾಂ ವೈನ್‌ನ್ನು ಗಸಿಯ ಸಮೇತ ಭಟ್ಟಿಗೆ ಹಾಕಿಸುತ್ತದೆ, ಮಾರ್ಟೆಲ್ ಗಸಿ ತೆಗೆದ ತಿಳಿಯನ್ನು ಮಾತ್ರ. ಮೊದಲನೆಯದು ದುಂಡಗೆ, ಎರಡನೆಯದು ಹಗುರವಾಗಿ ತೋರುವುದಕ್ಕೆ ಇದೂ ಒಂದು ಕಾರಣ. ಇಡೀ ಬಾಟಲಿಗಳು ದುಬಾರಿಯಾದ್ದರಿಂದ ನಾಲ್ಕು ಗೆಳೆಯರು ಸೇರಿ ಹಂಚಿಕೊಳ್ಳುವುದು, ಇಲ್ಲವೇ 50 ಮಿಲಿಲೀಟರಿನ ಪುಟ್ಟ ಬಾಟಲಿ ತರುವುದು ಜಾಣತನ.

ಮನೆಯ ಬೇರೊಬ್ಬರು ಲೋಟಗಳ ಅಡಿಯಲ್ಲಿ 1, 2, 3 ಎಂದು ಚೀಟಿ ಅಂಟಿಸಿ ತಲಾ 15 ಮಿಲಿಲೀಟರ್ ಸುರಿದು ಕೊಡಲಿ. ಬಾಟಲಿಗಳು ಕಣ್ಣಿಗೆ ಬೀಳಬಾರದು. ಬೆಲೆ ಗೊತ್ತಿದ್ದರೆ ನಾಲಿಗೆ ಬೆಲೆಯನ್ನೇ ಸವಿಯುತ್ತದೆ.

ಮೂಗಿಗೆ ಮೊದಲ ಪಾಳಿ

ಸುರಿದ ಮೇಲೆ ಐದು ಹತ್ತು ನಿಮಿಷ ಸುಮ್ಮನೆ ಬಿಡಬೇಕು. ಲೋಟವನ್ನು ಎದೆಯ ಮಟ್ಟದಲ್ಲಿ ಹಿಡಿದು, ಮೆಲ್ಲಗೆ ಗಲ್ಲದವರೆಗೆ ತರಬೇಕು. ಬಾಯಿ ತುಸು ತೆರೆದಿದ್ದರೆ ಘಾಟು ಕಡಿಮೆ. ಎಳೆಯ ಕೊನ್ಯಾಕ್‌ನಲ್ಲಿ ಹೂವು, ತಾಜಾ ದ್ರಾಕ್ಷಿ, ಓಕ್ ಮರ ಕೊಡುವ ವೆನಿಲಾ ಸಿಗುತ್ತವೆ. ಅರ್ಮಾನ್ಯಾಕ್‌ನಲ್ಲಿ ಒಣಗಿದ ಪ್ಲಮ್, ಅಂಜೂರ, ಬೆಲ್ಲದ ಪಾಕ, ಕೆಲವೊಮ್ಮೆ ಚರ್ಮದ ವಾಸನೆ. ಪುಸ್ತಕದಲ್ಲಿ ಬರೆದ ಪದಗಳನ್ನು ಹುಡುಕುವುದಕ್ಕಿಂತ ಅಡುಗೆಮನೆಯ ಡಬ್ಬಿಗಳನ್ನು ನೆನೆಯುವುದು ಹೆಚ್ಚು ಪ್ರಯೋಜನಕಾರಿ: ಲವಂಗ, ಚಕ್ಕೆ, ಏಲಕ್ಕಿ, ಒಣದ್ರಾಕ್ಷಿ, ಹುರಿದ ಗೋಡಂಬಿ.

ತೀರಾ ಹಳೆಯ ಬ್ರಾಂದಿಗಳ ಒಂದು ಗುಣಕ್ಕೆ ಫ್ರೆಂಚರು 'ರಾನ್ಸಿಯೊ' ಎನ್ನುತ್ತಾರೆ. ಅಣಬೆ, ಹಳೆಯ ಆಕ್ರೋಟು, ಗಿಣ್ಣಿನ ನೆನಪು ತರುವ ಈ ಪರಿಮಳವನ್ನು ವಿವರಿಸಲು ಪರಿಣತರು ಹೆಣಗುತ್ತಾರೆ. ಕನ್ನಡದವರಿಗೆ ಅಷ್ಟು ಕಷ್ಟವಿಲ್ಲ. ಡಬ್ಬಿಯಲ್ಲಿ ಬಹಳ ದಿನ ಇದ್ದ ಕೊಬ್ಬರಿಯ ಕಮಟು ಗೊತ್ತಿದ್ದವರು ಅದರ ಇಂಪಾದ ರೂಪವನ್ನು ಊಹಿಸಿಕೊಂಡರೆ ಸಾಕು. ಹತ್ತು ವರ್ಷಕ್ಕಿಂತ ಎಳೆಯದರಲ್ಲಿ ಇದು ಸಿಗುವುದು ಅಪರೂಪ.

ಮೊದಲ ಗುಟುಕು ಬಾಯಿಯನ್ನು ಹದಗೊಳಿಸಲು ಮಾತ್ರ, ಅದರಿಂದ ತೀರ್ಮಾನಕ್ಕೆ ಬರಬಾರದು. ಎರಡನೆಯ ಸಣ್ಣ ಗುಟುಕನ್ನು ಹತ್ತು ಸೆಕೆಂಡ್ ನಾಲಿಗೆಯ ಮೇಲೆ ಹೊರಳಿಸಿ ನೋಡಬೇಕು. ಸಿಹಿ ಎಲ್ಲಿ ಶುರು, ಒಗರು ಎಲ್ಲಿ ಹತ್ತಿತು, ನುಂಗಿದ ಅಥವಾ ಉಗುಳಿದ ಮೇಲೆ ಪರಿಮಳ ಎಷ್ಟು ಹೊತ್ತು ನಿಂತಿತು ಎಂಬ ಮೂರೇ ಪ್ರಶ್ನೆಗಳಿಗೆ ಒಂದೊಂದು ಸಾಲು ಬರೆದಿಟ್ಟುಕೊಂಡರೆ ಸಾಕು. ಆಮೇಲೆ ಮೂರು ನಾಲ್ಕು ಹನಿ ನೀರು ಹಾಕಿ ಮತ್ತೆ ಮೂಸಿದರೆ ಅಡಗಿದ್ದ ಪರಿಮಳ ಎದ್ದು ಬರುವುದುಂಟು.

ಸಕ್ಕರೆ ಸೇರಿಸಿದ್ದಾರೆಯೇ ಎಂಬ ಅನುಮಾನವಿದ್ದರೆ ಒಂದು ಒರಟು ಪರೀಕ್ಷೆಯಿದೆ. ಬಿಳಿ ತಟ್ಟೆಗಳ ಮೇಲೆ ಪ್ರತಿಯೊಂದನ್ನೂ ಒಂದು ಚಮಚ ಬಿಟ್ಟು ರಾತ್ರಿಯಿಡೀ ಒಣಗಲು ಬಿಡುವುದು. ಬೆಳಿಗ್ಗೆ ಬೆರಳಿಗೆ ಅಂಟುವುದರಲ್ಲಿ ಸಿಹಿ ಹೆಚ್ಚಿದೆ ಎಂದು ತಿಳಿಯಬಹುದು. ಮರದ ಸಾರವೂ ಸ್ವಲ್ಪ ಕಲೆ ಉಳಿಸುವುದರಿಂದ ಇದು ಪ್ರಯೋಗಶಾಲೆಯ ಸಾಕ್ಷ್ಯವಲ್ಲ, ಪಕ್ಕಪಕ್ಕದ ಹೋಲಿಕೆಗೆ ಮಾತ್ರ.

ಎಷ್ಟು, ಯಾರಿಗೆ?

ಶೇ 40ರ ಮೂರು ಲೋಟಗಳನ್ನೂ ಉಗುಳದೆ ಮುಗಿಸಿದರೆ ಒಟ್ಟು 45 ಮಿಲಿಲೀಟರ್, ಅಂದರೆ ಸುಮಾರು 14 ಗ್ರಾಂ ಶುದ್ಧ ಆಲ್ಕೋಹಾಲ್ ದೇಹ ಸೇರುತ್ತದೆ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯದವರು ಇದಕ್ಕಾಗಿ ಶುರು ಮಾಡಬೇಕಿಲ್ಲ, ಕುಡಿದವರು ಗಾಡಿ ಓಡಿಸುವಂತಿಲ್ಲ. ಶೀತವಾದರೆ ಬ್ರಾಂದಿ, ಮಕ್ಕಳಿಗೂ ಜೇನಿನಲ್ಲಿ ಎರಡು ಹನಿ ಎಂಬ ಹಳೆಯ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಮಕ್ಕಳಿಗೆ ಅದು ಅಪಾಯಕಾರಿ. ದೊಡ್ಡವರಿಗೂ ಚರ್ಮದ ರಕ್ತನಾಳಗಳು ಹಿಗ್ಗಿ ಬೆಚ್ಚಗಾದಂತೆ ಅನ್ನಿಸುತ್ತದೆ ಅಷ್ಟೇ, ದೇಹ ನಿಜವಾಗಿ ಶಾಖ ಕಳೆದುಕೊಳ್ಳುತ್ತಿರುತ್ತದೆ.

ಮದ್ಯದ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಹಾರಾಷ್ಟ್ರದಲ್ಲಿ ಇಂಥ ಮದ್ಯಕ್ಕೆ ವಯೋಮಿತಿ 25, ಜೊತೆಗೆ ಪರವಾನಗಿಯೂ ಬೇಕು. ಮನೆಯಲ್ಲಿ ಎಷ್ಟು ಬಾಟಲಿ ಇಡಬಹುದು ಎಂಬುದಕ್ಕೂ ಮಿತಿಯಿದೆ. ನಾಲ್ಕು ಮಂದಿಯ ಬಾಟಲಿಗಳನ್ನು ಒಂದೇ ಮನೆಯಲ್ಲಿ ಸೇರಿಸುವ ಮುನ್ನ ಆಯಾ ರಾಜ್ಯದ ಅಬಕಾರಿ ನಿಯಮ ನೋಡಿಕೊಳ್ಳುವುದು ಕ್ಷೇಮ.

ಉಳಿದ ಬ್ರಾಂದಿಯನ್ನು ಬಿಸಿಲು ಬೀಳದ ಕಡೆ, ಬಾಟಲಿ ನಿಲ್ಲಿಸಿಯೇ ಇಡಬೇಕು. ವೈನ್‌ನಂತೆ ಮಲಗಿಸಿದರೆ ಆಲ್ಕೋಹಾಲ್ ಬಿರಡೆಯನ್ನು ತಿಂದುಹಾಕುತ್ತದೆ. ಅರ್ಧಕ್ಕಿಂತ ಕೆಳಗಿಳಿದ ಬಾಟಲಿ ಕೆಲವು ತಿಂಗಳಲ್ಲಿ ಪರಿಮಳ ಕಳೆದುಕೊಳ್ಳುತ್ತದೆ, ಸಣ್ಣ ಬಾಟಲಿಗೆ ತುಂಬಿಟ್ಟರೆ ಬಾಳಿಕೆ ಹೆಚ್ಚು. ಲೋಟಗಳನ್ನು ಮಾತ್ರ ಆ ರಾತ್ರಿ ತೊಳೆಯದೆ, ಅಡಿಯ ಚೀಟಿಯ ಸಮೇತ ಹಾಗೇ ಬಿಡಬೇಕು. ಬೆಳಿಗ್ಗೆ ಖಾಲಿ ಲೋಟಗಳನ್ನು ಮೂಸಿ ನೋಡಿ, ಯಾವುದರಲ್ಲಿ ಪರಿಮಳ ಇನ್ನೂ ಉಳಿದಿದೆ ಎಂದು ಗುರುತು ಹಾಕಿಕೊಂಡ ಮೇಲೆ ಚೀಟಿ ತಿರುಗಿಸಿ ನೋಡಬಹುದು.